ಗೋಡೆ ಮೇಲಿನ ಯಜಮಾನರು

ಆ ಬೀದಿಯ ಫೋಟೋ ಸ್ಟುಡಿಯೋದವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಒಂದಿತ್ತು. ಈಗ ಅದು ಅವನ ಹೆಂಡತಿಗೂ ನೆನಪಿದೆಯೋ ಇಲ್ಲವೋ. ಎಲ್ಲರಿಗೂ ಅವನು ಪಾಲಿಶಪ್ಪ. ಯಾರ ಮುಖ ಸಿಕ್ಕರೂ ಸರಿ, ಕಂಪ್ಯೂಟರಿಗೆ ಹಾಕಿ, ತಿಕ್ಕಿ ತೊಳೆದು, ಫಳಫಳ ಹೊಳೆಸಿ ಕೊಡುತ್ತಿದ್ದ. ಮೊಡವೆ ಮಾಯ, ಮಚ್ಚೆ ಮಾಯ, ಎರಡನೇ ಗದ್ದ ಮಾಯ. ಬೋಳು ತಲೆಯವರಿಗೆ ಕೂದಲು, ಕೂದಲಿದ್ದವರಿಗೆ ಇನ್ನಷ್ಟು ಕೂದಲು. ಹಿಂದೆ ಬರೀ ಗೋಡೆ ಇದ್ದರೆ ಅಲ್ಲೊಂದು ಸರೋವರ ಬರುತ್ತಿತ್ತು. ಸರೋವರ ಬಂದ ಮೇಲೆ ಎರಡು ಹಂಸ ಬರದೆ ಇರುತ್ತವೆಯೇ? ಅವೂ ಬರುತ್ತಿದ್ದವು. ಮೇಲಿನ ಮೂಲೆಯಲ್ಲೊಬ್ಬ ಸೂರ್ಯ, ಆ ಸೂರ್ಯನ ಕಿರಣ ನೇರವಾಗಿ ಗಿರಾಕಿಯ ಹಣೆಗೆ. ಸುತ್ತಲೂ ಬಂಗಾರದ ಬಾರ್ಡರು.

ಗಿರಾಕಿಗಳೇನು ಕಡಿಮೆಯೇ? "ಸ್ವಲ್ಪ ನೋಡ್ಕೊಂಡು ಮಾಡಿ ಸಾರ್" ಎಂದು ಹೇಳಿ ಹೋಗುತ್ತಿದ್ದರು. ಸ್ವಲ್ಪ ಎಂದರೆ ಇದ್ದದ್ದನ್ನೆಲ್ಲ ತೆಗೆದು ಇಲ್ಲದ್ದನ್ನೆಲ್ಲ ಹಾಕುವುದು ಎಂದು ಇಬ್ಬರಿಗೂ ಗೊತ್ತಿತ್ತು. ಫೋಟೋ ಕೈಗೆ ಬಂದಾಗ "ಅಬ್ಬಾ, ನಾನೇ ಅನ್ನೋ ಹಾಗೇ ಇಲ್ಲ!" ಎಂದು ಹಿಗ್ಗುತ್ತಿದ್ದರು. ತನ್ನ ಫೋಟೋ ತನ್ನ ಹಾಗಿಲ್ಲ ಎಂದು ಹಿಗ್ಗುವ ಪ್ರಾಣಿ ಈ ಭೂಮಿಯ ಮೇಲೆ ಇನ್ನೊಂದಿದ್ದರೆ ಯಾರಾದರೂ ತೋರಿಸಿ, ನೋಡೋಣ.

ಪಾಲಿಶಪ್ಪನದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಕೆಲಸ ಮುಗಿದ ಗಳಿಗೆಯಲ್ಲೇ ಕ್ಯಾಮೆರಾದ ಒರಿಜಿನಲ್ ಫೋಟೋವನ್ನು ಅಳಿಸಿಬಿಡುತ್ತಿದ್ದ. "ಮೊದಲಿನ ಮುಖ ಗಿರಾಕಿ ಕಣ್ಣಿಗೆ ಬೀಳಬಾರದು. ಹೋಲಿಸಿ ನೋಡಿದ್ರೆ ಪಾಪ ಮನಸ್ಸಿಗೆ ಬೇಜಾರು" ಎನ್ನುತ್ತಿದ್ದ. ಇದನ್ನು ಅವನು ಹೇಳುವಾಗಿನ ಗಾಂಭೀರ್ಯ ನೋಡಬೇಕಿತ್ತು. ಯಾವುದೋ ದೊಡ್ಡ ವೈದ್ಯರು ರೋಗಿಯ ಗುಟ್ಟು ಕಾಪಾಡುತ್ತಿದ್ದಾರೆ ಎನ್ನಬೇಕು.

ಅವನ ಮನೆಯಲ್ಲಿ ಹೆಂಡತಿ, ಮತ್ತು ಹೆಂಡತಿಯ ಅಪ್ಪ. ಈ ಮಾವ ನಲವತ್ತೆರಡು ವರ್ಷ ಗಡಿಯಾರ ರಿಪೇರಿ ಮಾಡಿದವರು. ಅಷ್ಟೂ ವರ್ಷ ಬಲಗಣ್ಣಿನ ಕುಳಿಗೆ ಒಂದು ಕರಿ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಕೂತದ್ದರಿಂದ ಆ ಕಣ್ಣಿನ ಸುತ್ತ ಒಂದು ಗುಂಡನೆಯ ಗುಳಿ ಬಿದ್ದಿತ್ತು. ಕೆಳಗಿನ ರೆಪ್ಪೆ ಸ್ವಲ್ಪ ಜೋತು, ಕಣ್ಣಿನ ಮೂಲೆಯಿಂದ ಕಿವಿಯ ತನಕ ಸುಕ್ಕುಗಳು ಬೀಸಣಿಗೆ ಬಿಚ್ಚಿದ ಹಾಗೆ ಹರಡಿದ್ದವು. ಎಡಗಡೆ ಮಾತ್ರ ಅಂಥದ್ದೇನೂ ಇರಲಿಲ್ಲ. ಎರಡು ಕಡೆಯಿಂದ ನೋಡಿದರೆ ಇಬ್ಬರು ಮನುಷ್ಯರು.

ಮಾವನಿಗೆ ಎಪ್ಪತ್ತೈದು ತುಂಬಿದಾಗ ಮಗಳು ಹಟ ಹಿಡಿದಳು. "ರೀ, ಊರಿನೋರಿಗೆಲ್ಲ ಮಾಡಿಕೊಡ್ತೀರ. ನಮ್ಮಪ್ಪಂಗೆ ಒಂದು ಒಳ್ಳೇ ಫೋಟೋ ಮಾಡೋಕೆ ನಿಮಗೆ ಪುರುಸೊತ್ತಿಲ್ಲ, ಅಲ್ವಾ?"

ಇಂಥ ಮಾತಿಗೆ ಯಾವ ಅಳಿಯ ತಾನೇ ಸುಮ್ಮನಿದ್ದಾನು? ಪಾಲಿಶಪ್ಪ ಆರು ಗಂಟೆ ಕಂಪ್ಯೂಟರಿನ ಮುಂದೆ ಕೂತ. ಮಾವನ ಮುಖವನ್ನು ಪರದೆ ತುಂಬ ಹಿಗ್ಗಿಸಿ, ಒಂದೊಂದೇ ಗೆರೆ ಹುಡುಕಿ ಅಳಿಸಿದ. ಆ ಬಲಗಣ್ಣು ಮಾತ್ರ ಏನು ಮಾಡಿದರೂ ಬಗ್ಗಲಿಲ್ಲ. ಕೊನೆಗೆ ಬೇಸತ್ತು ಮುಖದ ಎಡ ಅರ್ಧವನ್ನೇ ಮಗುಚಿ ಬಲಗಡೆಗೆ ಅಂಟಿಸಿಬಿಟ್ಟ. ತಲೆಗೂದಲಿಗೆ ಕರಿ ಬಣ್ಣ, ಕೆನ್ನೆಗೆ ರಂಗು. ಹಿಂದೆ ಸರೋವರ, ಹಂಸ, ಸೂರ್ಯ. ಮಾವನೆಂದು ವಿಶೇಷ ಗೌರವಕ್ಕೆ ಇನ್ನೂ ಎರಡು ಹಂಸ ಹೆಚ್ಚಿಗೆ ಹಾಕಿದ. ನಿಯಮ ಎಂದರೆ ನಿಯಮ, ಆಮೇಲೆ ಒರಿಜಿನಲ್ ಅಳಿಸಿದ.

ಮನೆಯ ಹಾಲಿನ ಗೋಡೆಗೆ ಬಾಗಿಲಷ್ಟು ಎತ್ತರದ್ದು ಒಂದು, ಊಟದ ಮೇಜಿನ ಮೇಲೆ ಒಂದು, ಮಾವನ ಕೋಣೆಯಲ್ಲಿ ಒಂದು ಬಂತು. ಟೀ ಕಪ್ಪುಗಳ ಮೇಲೂ ಅದೇ ಫೋಟೋ. ಗೋಡೆ ಗಡಿಯಾರದ ಮುಖದ ಮೇಲೂ ಅದೇ, ಮುಳ್ಳುಗಳು ಮೂಗಿನ ತುದಿಯಿಂದ ಹೊರಡುತ್ತಿದ್ದವು. ಮಗಳು ನೋಡಿ ಕಣ್ಣೊರೆಸಿಕೊಂಡಳು. ಭಾವಮೈದ ಬಂದವನು "ಭಾವ, ಅಪ್ಪ ಒಳ್ಳೇ ಹೀರೋ ಥರ ಕಾಣ್ತಾರೆ" ಎಂದು ಬೆನ್ನು ತಟ್ಟಿದ. ಮಾವನನ್ನು ಕರೆತಂದು ದೊಡ್ಡ ಫೋಟೋದ ಮುಂದೆ ನಿಲ್ಲಿಸಿದರು.

ಮಾವ ತುಂಬ ಹೊತ್ತು ನೋಡಿದರು. "ಚೆನ್ನಾಗಿದಾರೆ. ಯಾರಿವರು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಾಲಿಶಪ್ಪನಿಗಂತೂ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ. ಮಾವ ತಮಾಷೆ ಮಾಡುತ್ತಿದ್ದಾರೆಂದೇ ಅವನು ತಿಳಿದ.

ಆದರೆ ಒಂದು ವರ್ಷದಿಂದ ಮಾವನಿಗೆ ಮರೆವು ಶುರುವಾಗಿತ್ತು. ತಿಂಡಿ ತಿಂದದ್ದನ್ನು ಮರೆಯುತ್ತಿದ್ದರು, ಮಾತ್ರೆ ನುಂಗಿದ್ದನ್ನು ಮರೆಯುತ್ತಿದ್ದರು. ಫೋಟೋ ಬಂದ ಮೇಲೆ ದಿನಾ ಬೆಳಿಗ್ಗೆ ಹಾಲಿಗೆ ಬಂದು ಅದಕ್ಕೆ "ನಮಸ್ಕಾರ ಸ್ವಾಮಿ" ಎನ್ನುತ್ತಿದ್ದರು. ಒಮ್ಮೊಮ್ಮೆ ಮಗಳನ್ನು ಕರೆದು "ಯಜಮಾನರಿಗೆ ಟೀ ಕೊಟ್ಯೇನಮ್ಮ?" ಎಂದು ಕೇಳುತ್ತಿದ್ದರು. ಹಾಲಿನ ದೊಡ್ಡ ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟರು. ತಮ್ಮ ಬಟ್ಟೆಯ ಚೀಲದಲ್ಲಿ ಭೂತಗನ್ನಡಿ, ಸಣ್ಣ ಸ್ಕ್ರೂಡ್ರೈವರುಗಳು, ಎರಡು ಅಂಗಿ ತುಂಬಿ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳತೊಡಗಿದರು. ಮಗಳು ಚೀಲ ಬಿಚ್ಚಿ ಕಪಾಟಿನಲ್ಲಿಟ್ಟರೆ ಮರುದಿನ ಮತ್ತೆ ಕಟ್ಟಿಡುತ್ತಿದ್ದರು. ವಯಸ್ಸಾಯಿತಲ್ಲ, ಹೀಗೇ ಇರುತ್ತದೆ ಎಂದು ಮನೆಯವರು ತಲೆ ಕೆಡಿಸಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಏಳು ಗಂಟೆಗೆ ಮಗಳು ಟೀ ಹಿಡಿದು ಹೋದರೆ ಹಾಸಿಗೆ ಖಾಲಿ. ಚೀಲವೂ ಇಲ್ಲ.

"ರೀ, ಅಪ್ಪ ಇಲ್ಲ ಕಣ್ರೀ!"

ಬೀದಿ ಬೀದಿ ಸುತ್ತಿದರು. ಭಾವಮೈದ ಬೈಕು ಹತ್ತಿ ಎರಡು ಆಸ್ಪತ್ರೆ ನೋಡಿ ಬಂದ. ಮಾವ ಬೆಳಗಿನ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡಿಲ್ಲ, ಹೊಟ್ಟೆಗೂ ಏನೂ ಇಲ್ಲ. ಎಲ್ಲಾದರೂ ಬಿದ್ದುಬಿಟ್ಟರೆ ಗತಿ ಏನು? ಮಗಳು ಬಾಗಿಲಿಗೂ ಬೀದಿಗೂ ಓಡಾಡಿದಳು. ಮದುವೆಯಾದಾಗಿನಿಂದ ಪಾಲಿಶಪ್ಪ ಅವಳ ಮುಖವನ್ನು ಹಾಗೆ ನೋಡಿರಲಿಲ್ಲ.

ಪೊಲೀಸ್ ಠಾಣೆಗೆ ಹೋದರು. ಬರೆದುಕೊಳ್ಳುತ್ತಿದ್ದ ಪೊಲೀಸಪ್ಪ ಫೋಟೋ ನೋಡಿ ಪೆನ್ನು ಕೆಳಗಿಟ್ಟ.

"ವಯಸ್ಸು ಎಪ್ಪತ್ತೈದು ಅಂತ ಬರೆಸಿದೀರ. ಫೋಟೋ ಮಗಂದು ಕೊಟ್ಟಿದೀರಲ್ರೀ?"

"ಇಲ್ಲ ಸಾರ್, ಅವರದ್ದೇ. ಸ್ವಲ್ಪ ಟಚಪ್ ಆಗಿದೆ."

"ಸ್ವಲ್ಪ?" ಪೊಲೀಸಪ್ಪ ಫೋಟೋವನ್ನು ದೂರ ಹಿಡಿದು ನೋಡಿದ. "ಬಾತುಕೋಳಿ ಜೊತೆಗೇ ಕಳೆದುಹೋದ್ರಾ?"

"ಹಂಸ ಸಾರ್" ಎಂದ ಪಾಲಿಶಪ್ಪ. ಬಾಯಿಂದ ಬಂದುಬಿಟ್ಟಿತು. ಹೆಂಡತಿ ಅವನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಸ್ಟುಡಿಯೋಗೆ ಓಡಿ ಬಂದು ಪ್ರಕಟಣೆ ತಯಾರು ಮಾಡಲು ಕೂತ. ಏನು ಹೇಳೋಣ ಇವನಿಗೆ! ಗಾಬರಿಯಲ್ಲೂ ಕೈ ಸುಮ್ಮನಿರಲಿಲ್ಲ. 'ಕಾಣೆಯಾಗಿದ್ದಾರೆ' ಎಂಬ ಅಕ್ಷರಗಳಿಗೆ ಬಂಗಾರದ ಬಣ್ಣ ಬಂತು, ಅಕ್ಷರಗಳ ಹಿಂದೆ ನೆರಳು ಬಂತು, ಮೇಲಿಂದ ನಕ್ಷತ್ರಗಳು ಉದುರತೊಡಗಿದವು. ನಾಲ್ಕು ಮೂಲೆಗೆ ನಾಲ್ಕು ಗುಲಾಬಿ. ಮಧ್ಯೆ ಮಾವ, ನಲವತ್ತೈದು ವರ್ಷದ ಚೆಲುವ, ನಾಲ್ಕು ಹಂಸಗಳ ಮುಂದೆ ನಗುತ್ತ ನಿಂತಿದ್ದರು. ಅದನ್ನು ಗೊತ್ತಿದ್ದವರಿಗೆಲ್ಲ ಫೋನಿನಲ್ಲಿ ಕಳಿಸಿದರು. ಬಸ್ ನಿಲ್ದಾಣದ ಕಚೇರಿಗೂ ಕಳಿಸಿದರು. ಒಂದು ಪ್ರಿಂಟನ್ನು ಸ್ಟುಡಿಯೋ ಗೋಡೆಗೂ ಅಂಟಿಸಿದರು.

ಐದು ನಿಮಿಷದಲ್ಲಿ ಉತ್ತರಗಳು ಸುರಿಯತೊಡಗಿದವು. ಹೆಂಡತಿ ಫೋನು ಹಿಡಿದು ಓದಿದಳು. "ಅಭಿನಂದನೆಗಳು." "ಹಾರ್ದಿಕ ಶುಭಾಶಯಗಳು ಸಾರ್." "ನೂರು ವರ್ಷ ಸುಖವಾಗಿ ಬಾಳಿ." ಒಬ್ಬರು ಕೇಕಿನ ಚಿತ್ರ ಕಳಿಸಿದ್ದರು. ಅವಳ ಚಿಕ್ಕಮ್ಮನ ಮಗಳು ಮಾತ್ರ "ಯಾವ ಸ್ಥಾನಕ್ಕೆ ನಿಂತಿದಾರೆ? ನಮ್ಮನೆ ಓಟೆಲ್ಲ ಅವರಿಗೇ" ಎಂದು ಬರೆದಿದ್ದಳು.

"ಒಬ್ರಾದ್ರೂ ಓದಿದಾರೇನ್ರೀ?" ಎಂದು ಅವಳು ಗೋಳಾಡಿದಳು. "ಆ ನಕ್ಷತ್ರ ಯಾಕೆ ಹಾಕಿದ್ರಿ?"

ಯಾಕೆ ಹಾಕಿದೆ ಎಂಬುದು ಪಾಲಿಶಪ್ಪನಿಗೂ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ಬಸ್ ನಿಲ್ದಾಣದಿಂದ ಫೋನು ಬಂತು. "ನೀವು ಕಳಿಸಿದ ಫೋಟೋದೋರು ಇಲ್ಲಿ ಯಾರೂ ಇಲ್ಲ ಸಾರ್. ಎಲ್ಲ ಬೆಂಚೂ ನೋಡಿದೆ." ಹನ್ನೆರಡಕ್ಕೆ ಮೂಲೆಯ ಅಂಗಡಿಯವನು ಒಬ್ಬರ ತೋಳು ಹಿಡಿದು ದರದರ ಎಳೆದುಕೊಂಡು ಬಂದ. "ಸಿಕ್ಕಿಬಿಟ್ರು! ನಿಮ್ಮ ಮಾವ ನಮ್ಮ ಅಂಗಡೀಲಿ ಸೋಪು ತಗೊಳ್ತಾ ಇದ್ರು!"

ಎಳೆತಂದ ಮನುಷ್ಯನಿಗೆ ಐವತ್ತು ದಾಟಿರಲಿಲ್ಲ. ಇನ್ಶೂರೆನ್ಸ್ ಏಜೆಂಟ್. ಬೆವರಿ ಒದ್ದೆಯಾಗಿದ್ದ. ಗೋಡೆಗೆ ಅಂಟಿಸಿದ್ದ ಪ್ರಕಟಣೆಯನ್ನು ನೋಡಿ ಅವನೇ ದಂಗಾದ. "ಇದು ನಾನೇ ಅಂತ ನನಗೂ ಅನ್ನಿಸ್ತಾ ಇದೆ. ಆದ್ರೆ ನಾನು ಕಳೆದುಹೋಗಿಲ್ವಲ್ಲ ಸ್ವಾಮಿ! ಮನೇಲಿ ಹೆಂಡತಿ ಸೋಪಿಗೆ ಕಾಯ್ತಾ ಇದಾಳೆ."

ಕ್ಷಮೆ ಕೇಳಿ ಬಾಗಿಲ ತನಕ ಬಿಟ್ಟರು. ಹೊರಟವನು ಮತ್ತೆ ತಿರುಗಿ ಬಂದು ದನಿ ತಗ್ಗಿಸಿದ. "ತಪ್ಪು ತಿಳೀಬೇಡಿ. ಈ ಫೋಟೋ ಮಾಡಿದ್ದು ಇದೇ ಸ್ಟುಡಿಯೋದಲ್ಲಾ?"

ಭಾವಮೈದ ತಲೆ ಮೇಲೆ ಕೈಹೊತ್ತು ಕೂತ. "ಭಾವ, ಈ ಫೋಟೋ ಇಟ್ಕೊಂಡು ನಾವೇ ಹುಡುಕಿದ್ರೂ ಅಪ್ಪ ಸಿಗಲ್ಲ. ಹಾಗೇ ಇರೋದು ಒಂದು ಕೊಡು."

ಹಾಗೇ ಇರುವುದು! ಹುಡುಕಾಟ ಶುರುವಾಯಿತು. ಕ್ಯಾಮೆರಾದ ಕಾರ್ಡಿನಲ್ಲಿ ಇಲ್ಲ. ಕಂಪ್ಯೂಟರಿನಲ್ಲಿ ಇಲ್ಲ. ಗುರುತಿನ ಚೀಟಿಯ ಫೋಟೋ ಪಾಲಿಶಪ್ಪನ ಕೈಯಿಂದಲೇ ಹೋದದ್ದು, ಅಲ್ಲೂ ಮಾವ ನುಣ್ಣನೆಯ ಬದನೆಕಾಯಿ. ಹೆಂಡತಿಯ ಫೋನಿನಲ್ಲಿ ನೂರಾರು ಫೋಟೋ ಇದ್ದವು. ತೆಗೆಯುವಾಗಲೇ ಎಲ್ಲರನ್ನೂ ಬೆಳ್ಳಗೆ ಮಾಡುವ ಹಾಗೆ ಆ ಫೋನನ್ನು ಹೊಂದಿಸಿಕೊಟ್ಟವನೂ ಇವನೇ. ಆಲ್ಬಮಿನ ಹಳೇ ಫೋಟೋಗಳು ಮಾಸಿವೆಯೆಂದು ಹೋದ ವರ್ಷ ಎಲ್ಲವನ್ನೂ ಹೊಸದಾಗಿ ಮಾಡಿದ್ದ, ಹಳೆಯವು ರದ್ದಿಯ ಜೊತೆ ಹೋಗಿದ್ದವು. ಒಬ್ಬ ಮನುಷ್ಯ ಎಪ್ಪತ್ತೈದು ವರ್ಷ ಬದುಕಿದ್ದಾನೆ, ಅಳಿಯ ಫೋಟೋದವನು, ಮನೆ ತುಂಬ ಫೋಟೋ. ಆದರೆ ಅವನ ಮುಖ ಎಲ್ಲೂ ಇಲ್ಲ.

ಪಾಲಿಶಪ್ಪನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತ. ಹುಟ್ಟುಹಬ್ಬದ ಫೋಟೋ ತೆರೆದ. ಮೊದಲು ಹಂಸ ನಾಲ್ಕನ್ನೂ ಕಿತ್ತು ಎಸೆದ. ಆಮೇಲೆ ಸರೋವರ, ಸೂರ್ಯ, ಬಾರ್ಡರು. ಬಣ್ಣವೆಲ್ಲ ತೆಗೆದು ಬರೀ ಕಪ್ಪು ಬಿಳುಪು ಮಾಡಿದ.

"ಏನು ಮಾಡ್ತಿದೀರಿ?" ಎಂದಳು ಹೆಂಡತಿ.

"ಅಳಿಸಿದ್ದನ್ನೆಲ್ಲ ವಾಪಸ್ ಬರೀತೀನಿ. ಹೇಳಿ ನೀವಿಬ್ರೂ. ಮಚ್ಚೆ ಎಲ್ಲಿತ್ತು?"

"ಎಡಗೆನ್ನೆ ಮೇಲೆ" ಎಂದ ಭಾವಮೈದ.

"ಇಲ್ಲ ಕಣೋ, ಗದ್ದದ ಮೇಲೆ" ಎಂದಳು ಅಕ್ಕ.

"ಗದ್ದದ ಮೇಲೆ ಇದ್ದದ್ದು ಅಮ್ಮಂಗೆ!"

"ನಂಗೆ ಹೇಳ್ಕೊಡ್ತೀಯಾ? ದಿನಾ ನೋಡೋಳು ನಾನು!"

"ನೋಡ್ತಿದ್ರೆ ಎಲ್ಲಿದೆ ಹೇಳು ಮತ್ತೆ!"

ಅವಳು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದಳು. ಅಪ್ಪನ ಹಣೆಯ ಮೇಲೆ ಎಷ್ಟು ಗೆರೆಯಿದ್ದವು, ಹುಬ್ಬು ದಪ್ಪವೋ ತೆಳುವೋ, ಒಂದೂ ಅವಳಿಗೆ ಹೊಳೆಯಲಿಲ್ಲ. ದಿನಾ ಎರಡು ಹೊತ್ತು ಊಟ ಬಡಿಸಿದ ಮುಖ! ಅವಳು ಅಲ್ಲೇ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು.

ಪಾಲಿಶಪ್ಪ ತಿರುಗಿ ನೋಡಲಿಲ್ಲ. ಅವನ ಕೈ ಆಗಲೇ ಓಡುತ್ತಿತ್ತು. ಮಚ್ಚೆ ಬಲಗಿವಿಯ ಮುಂದೆ, ಸಾಸಿವೆಯಷ್ಟು, ಅದರಲ್ಲಿ ಒಂದು ಬಿಳಿ ಕೂದಲು. ಹಣೆಯ ಮೇಲೆ ನಾಲ್ಕು ಗೆರೆ, ನಾಲ್ಕನೆಯದು ಅರ್ಧಕ್ಕೇ ನಿಂತುಬಿಡುತ್ತದೆ. ಎಡ ಹುಬ್ಬಿನಲ್ಲಿ ಎಂದೋ ಪೆಟ್ಟಾಗಿ ಕೂದಲು ಬರದ ಒಂದು ಜಾಗ. ಮೂಗಿನ ಪಕ್ಕದಿಂದ ಇಳಿದ ಗೆರೆ ಎಡಗಡೆ ಆಳ, ಬಲಗಡೆ ಕವಲು. ಆಮೇಲೆ ಬಲಗಣ್ಣಿಗೆ ಬಂದ. ಅಂಟಿಸಿದ್ದ ಕಣ್ಣನ್ನು ಒರೆಸಿ ಹಾಕಿ ಆ ಗುಂಡನೆಯ ಗುಳಿ ಬರೆದ, ಜೋತ ರೆಪ್ಪೆ ಬರೆದ. ಕಿವಿಯ ತನಕ ಹೋಗುವ ಸುಕ್ಕು ಒಂಬತ್ತು. ಎಣಿಸಿಕೊಂಡೇ ಅಳಿಸಿದ್ದ, ಈಗ ಎಣಿಸಿಕೊಂಡೇ ಬರೆದ.

ಹೆಂಡತಿ ಅಳು ನಿಲ್ಲಿಸಿ ಎದ್ದು ಬಂದಿದ್ದಳು. ಪರದೆಯ ಮೇಲೆ ಅವಳ ಅಪ್ಪ ಇಷ್ಟಿಷ್ಟೇ ವಾಪಸು ಬರುತ್ತಿದ್ದರು. "ನಿಮಗೆ ಇದೆಲ್ಲ ಹೇಗೆ ಗೊತ್ತು?"

"ಅಳಿಸಿದೋನು ನಾನೇ ಅಲ್ವೇನೇ" ಎಂದ ಪಾಲಿಶಪ್ಪ.

ಈ ಸಲ ನಕ್ಷತ್ರ ಹಾಕಲಿಲ್ಲ. ಬಿಳಿ ಹಾಳೆಯ ಮೇಲೆ ಕರಿ ಅಕ್ಷರ, ಒಂದು ಮುಖ, ಒಂದು ಫೋನ್ ನಂಬರು, ಅಷ್ಟೆ. ಕಳಿಸಿ ಮೂರು ನಿಮಿಷವಾಗಿರಲಿಲ್ಲ, ಬಸ್ ನಿಲ್ದಾಣದವರ ಫೋನು ಬಂತು.

"ಏನ್ ಸಾರ್ ನೀವು! ಈ ಅಜ್ಜ ಬೆಳಗಿಂದ ನನ್ನ ಕಣ್ಣೆದುರಿಗೇ ಕೂತಿದಾರೆ. ಬೆಳಿಗ್ಗೆ ಯಾರೋ ಸಿನಿಮಾದೋರ ಫೋಟೋ ಕಳಿಸಿದ್ರಲ್ಲ, ನಾನು ಅವರನ್ನ ಹುಡುಕ್ತಾ ಇದ್ದೆ!"

"ಹುಷಾರಾಗಿದಾರಾ?"

"ಊಟ ಹಾಕ್ಸಿದೀನಿ, ಹುಷಾರಾಗಿದಾರೆ. ನಮ್ಮ ಗೋಡೆ ಗಡಿಯಾರ ಮಾತ್ರ ಹುಷಾರಾಗಿಲ್ಲ. ರಿಪೇರಿ ಮಾಡ್ತೀನಿ ಅಂತ ಇಳಿಸ್ಕೊಂಡು ಪೂರ್ತಿ ಬಿಚ್ಚಿಟ್ಟಿದಾರೆ. ಬೇಗ ಬನ್ನಿ."

ಮೂವರೂ ಎದ್ದೆನೋ ಬಿದ್ದೆನೋ ಎಂದು ಓಡಿದರು. ಕಚೇರಿಯ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಮಾವ ಕೂತಿದ್ದರು. ಬಲಗಣ್ಣಿಗೆ ಕರಿ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದರು. ಮುಂದೆ ಹಾಸಿದ ಪೇಪರಿನ ಮೇಲೆ ಗಡಿಯಾರದ ಹಲ್ಲುಚಕ್ರ, ಸ್ಕ್ರೂ, ಮುಳ್ಳು ಎಲ್ಲ ಸಾಲಾಗಿ ಇಟ್ಟಿದ್ದರು. ಮಗಳು ಹೋಗಿ ಅವರ ಮಂಡಿ ಹಿಡಿದುಕೊಂಡಳು.

"ಅಪ್ಪಾ, ಹೇಳ್ದೆ ಕೇಳ್ದೆ ಮನೆ ಬಿಟ್ಟು ಬಂದ್ಬಿಟ್ಯಲ್ಲ. ನಾವೇನು ಮಾಡಿದ್ವಿ ನಿಂಗೆ?"

ಮಾವ ಗಾಬರಿಯಾದರು. "ಅಯ್ಯೋ, ಅಳಬೇಡಮ್ಮ. ನೀವೇನೂ ಮಾಡ್ಲಿಲ್ಲ. ಅಲ್ಲಿ ಎಲ್ಲರೂ ಚೆನ್ನಾಗಿ ನೋಡ್ಕೊಂಡ್ರು. ಆದ್ರೂ ಅದು ಆ ಯಜಮಾನರ ಮನೆ ಅಲ್ವಾ? ಗೋಡೆ ತುಂಬ ಅವರೇ ಇದಾರೆ. ಗಡಿಯಾರದಲ್ಲಿ ಅವರೇ, ಟೀ ಕಪ್ಪಿನ ಮೇಲೂ ಅವರೇ. ನಂದು ಒಂದೂ ಇಲ್ಲ. ಪಾಪ, ಒಳ್ಳೇ ಜನ, ಇಷ್ಟು ದಿನ ಒಂದು ಮಾತು ಆಡ್ಲಿಲ್ಲ. ಹಾಗಂತ ಬೇರೆಯವರ ಮನೇಲಿ ಎಷ್ಟು ದಿನ ಇರೋದು? ಅವರು ಹೇಳೋಕೆ ಮುಂಚೆ ನಾವೇ ಹೊರಟುಬಿಟ್ರೆ ಮರ್ಯಾದೆ."

ಭಾವಮೈದ ಕಿಟಕಿಯ ಕಡೆ ಮುಖ ತಿರುಗಿಸಿದ. ಪಾಲಿಶಪ್ಪನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಪ್ರೀತಿಯಿಂದ ಮಾಡಿದ್ದೆ, ದೇವರಾಣೆಗೂ ಪ್ರೀತಿಯಿಂದ ಮಾಡಿದ್ದೆ ಎಂದು ಹೇಳಬೇಕೆನ್ನಿಸಿತು. ಆದರೆ ಆರು ಗಂಟೆ ಕೂತು ಈ ಮನುಷ್ಯನನ್ನು ಅವರ ಮನೆಯಿಂದಲೇ ಒರೆಸಿ ಹಾಕಿದವನು ಯಾವ ಬಾಯಲ್ಲಿ ಹೇಳುವುದು? ಬೆಂಚಿನ ತುದಿಯಲ್ಲಿ ಕೂತು ಬಗ್ಗಿ ಒಂದು ಸ್ಕ್ರೂ ಎತ್ತಿಕೊಟ್ಟ. ಮಾವ ಅದನ್ನು ತೆಗೆದುಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದರು.

ಆಗ ಪಾಲಿಶಪ್ಪನಿಗೆ ಒಂದು ಫೋಟೋ ತೆಗೆಯಬೇಕೆನ್ನಿಸಿತು. ತನ್ನ ಫೋನಿನಲ್ಲಿ ತೆಗೆದ. ಫೋನು ತಾನಾಗಿಯೇ ಮಾವನ ಕೆನ್ನೆ ನುಣ್ಣಗೆ ಮಾಡಿತು. ಇನ್ನೊಮ್ಮೆ ತೆಗೆದ, ಈ ಸಲ ತುಟಿಗೆ ರಂಗು ಬಂತು. ಹಾಗೆ ಹೊಂದಿಸಿಟ್ಟವನಿಗೇ ಈಗ ಆ ಹೊಂದಿಕೆ ತೆಗೆದುಹಾಕಲು ಬರಲಿಲ್ಲ. ಕೊನೆಗೆ ಕಚೇರಿಯವನ ಗಾಜು ಬಿರಿದ ಹಳೇ ಫೋನು ಇಸಕೊಂಡು ಮಾವ ಭೂತಗನ್ನಡಿ ಕಳಚಿ ತಲೆ ಎತ್ತಿದಾಗ ಕಿಟಕಿಯ ಬೆಳಕಿನಲ್ಲಿ ಒಂದೇ ಒಂದು ತೆಗೆದ.

ಗಡಿಯಾರ ಕೂಡಿಸಿದ ಮೇಲೆ ಮಾವನನ್ನು ಹೇಗೋ ಮನೆಗೆ ಕರೆತಂದರು. ಸಂಜೆಯ ಒಳಗೆ ಮನೆಯ ಗೋಡೆಗಳು ಖಾಲಿಯಾದವು. ಕಪ್ಪುಗಳು ಅಟ್ಟ ಸೇರಿದವು. ಮರುದಿನ ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆಯುವಾಗ ಇನ್ಶೂರೆನ್ಸ್ ಏಜೆಂಟ್ ಹೊಸ ಅಂಗಿ ಹಾಕಿಕೊಂಡು ನಿಂತಿದ್ದ. ಅವನಿಗೂ ಹಂಸ ಬೇಕಂತೆ. ಪಾಲಿಶಪ್ಪ ಏನು ಸಂನ್ಯಾಸಿಯೇ? ಹೊಟ್ಟೆಪಾಡು, ಮಾಡಿಕೊಟ್ಟ. ಆದರೆ ಒರಿಜಿನಲ್ಲನ್ನು ಅಳಿಸಲಿಲ್ಲ. ಅದನ್ನೂ ಪ್ರಿಂಟ್ ಹಾಕಿ ಲಕೋಟೆಯಲ್ಲಿಟ್ಟು ಏಜೆಂಟನ ಕೈಗೆ ಕೊಟ್ಟ. "ಇದನ್ನ ಮನೇಲಿ ಭದ್ರವಾಗಿ ಇಟ್ಕೊಳ್ಳಿ, ಬೇಕಾಗುತ್ತೆ." ಏಜೆಂಟ್ ಲಕೋಟೆ ಇಣುಕಿ ನೋಡಿ ಮುಖ ಸಿಂಡರಿಸಿದ.

ಮಧ್ಯಾಹ್ನ ಊಟಕ್ಕೆ ಬರುವಾಗ ಪಾಲಿಶಪ್ಪ ಬಸ್ ನಿಲ್ದಾಣದಲ್ಲಿ ತೆಗೆದ ಫೋಟೋವನ್ನು ತೆಳ್ಳನೆಯ ಕರಿ ಚೌಕಟ್ಟಿಗೆ ಹಾಕಿಸಿ ತಂದ. ಹಾಲಿನ ಮೊಳೆಗೆ ನೇತುಹಾಕಿದ. ಹೆಂಡತಿ ಹಿಂದೆ ನಿಂತು ನೋಡಿದಳು.

"ಚೆನ್ನಾಗಿದೆ ರೀ. ಕಣ್ಣಿನ ಕೆಳಗೆ ಮಾತ್ರ ಒಂಚೂರು…"

ಪಾಲಿಶಪ್ಪ ತಿರುಗಿ ನೋಡಿದ. ಅವಳು ನಾಲಿಗೆ ಕಚ್ಚಿಕೊಂಡು ಒಳಗೆ ಹೋದಳು.

ಮಾವ ಕೋಣೆಯಿಂದ ಚೀಲ ಕಂಕುಳಲ್ಲಿ ಇಟ್ಟುಕೊಂಡೇ ಬಂದರು. "ನಮಸ್ಕಾರ ಸ್ವಾಮಿ" ಎನ್ನಲು ಕೈ ಎತ್ತಿದವರು ಅಲ್ಲೇ ನಿಂತರು. ಹತ್ತಿರ ಹೋದರು. ಫೋಟೋದ ಬಲಗಣ್ಣಿನ ಮೇಲೆ ಬೆರಳಿಟ್ಟರು, ಆಮೇಲೆ ತಮ್ಮ ಕಣ್ಣಿನ ಗುಳಿ ಮುಟ್ಟಿಕೊಂಡರು.

"ಇವನು ಗೊತ್ತು ನಂಗೆ" ಎಂದರು. "ಗಡಿಯಾರದೋನು. ಇವನೂ ಇಲ್ಲೇ ಇರೋದಾ?"

"ಹೌದು ಮಾವ. ಮೊದಲಿಂದ್ಲೂ ಇಲ್ಲೇ. ಇದು ಅವರದ್ದೇ ಮನೆ."

ಮಾವ ಇನ್ನೊಮ್ಮೆ ಫೋಟೋ ನೋಡಿದರು. ಆಮೇಲೆ ಹೋಗಿ ದೊಡ್ಡ ಕುರ್ಚಿಯಲ್ಲಿ ಕೂತರು, ಚೀಲವನ್ನು ಕಾಲ ಬಳಿ ನೆಲಕ್ಕಿಟ್ಟು, ಅಡುಗೆಮನೆಯ ಕಡೆ ತಿರುಗಿ ದನಿ ಎತ್ತಿ ಟೀ ಕೇಳಿದರು.